ಮೊದಲ ಪುಟದಲ್ಲೇ ಡೆತ್ ಸರ್ಟಿಫಿಕೇಟ್ ಕೇಳಿದ್ದೆ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಇನ್ಶೂರೆನ್ಸ್ ಕಂಪನಿಗೆ ಸಾಫ್ಟ್‌ವೇರ್ ಮಾಡೋದು ನನ್ನ ಕೆಲಸ. ದೊಡ್ಡ ಪಾಲಿಸಿಗಳಲ್ಲ. ಸತ್ತ ಮೇಲೆ ಮಣ್ಣು ಮಾಡುವ ಖರ್ಚಿಗೆ ಅಂತಲೇ ಜನ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಟ್ಟುವ ಸಣ್ಣ ಪಾಲಿಸಿಗಳು. ಅದರ ಹೊಸ ಆನ್‌ಲೈನ್ ಕ್ಲೇಮ್ ಫಾರಂ ಮಾಡಿದ್ದು ನಾನೇ. ಮೊದಲ ಪುಟದಲ್ಲೇ ಡೆತ್ ಸರ್ಟಿಫಿಕೇಟ್ ಹಾಕಬೇಕು, ಇಲ್ಲದಿದ್ದರೆ ಮುಂದಕ್ಕೆ ಹೋಗೋದಿಲ್ಲ. ಪುರಾವೆ ಇಲ್ಲದೆ ಕ್ಲೇಮ್ ಎಲ್ಲಿಂದ ಬಂತು, ಅಲ್ವಾ?

ಎರಡನೇ ವಾರ ಒಂದು ಫ್ಯೂನರಲ್ ಹೋಮ್‌ನಿಂದ, ಅಂದರೆ ಮಣ್ಣು ಮಾಡುವ ಕೆಲಸವನ್ನೆಲ್ಲ ವಹಿಸಿಕೊಳ್ಳುವವರಿಂದ, ಫೋನ್ ಬಂತು. ನಡೆಸುವವರು ವಯಸ್ಸಾದ ಕಪ್ಪು ಜನಾಂಗದ ಹಿರಿಯರು. ದನಿ ಏರಿಸಲಿಲ್ಲ. "ಮಗಾ, ಸರ್ಟಿಫಿಕೇಟ್ ಬರೋಕೆ ದಿನಗಟ್ಟಲೆ ಆಗುತ್ತೆ. ಅದಕ್ಕೆ ಓಡಾಡೋದೂ ನಾವೇ. ಶನಿವಾರ ಮಣ್ಣು. ಪಾಲಿಸಿ ಚಾಲ್ತಿಯಲ್ಲಿದೆಯೋ ಇಲ್ಲವೋ, ಅಷ್ಟು ಹೇಳು ಸಾಕು."

ಇಲ್ಲಿ ನಡೆಯೋದು ಹೀಗೆ. ಮನೆಯವರ ಹತ್ತಿರ ಕೈಯಲ್ಲಿ ದುಡ್ಡಿರೋದಿಲ್ಲ. ಪಾಲಿಸಿ ಹಣದಲ್ಲಿ ಇಷ್ಟನ್ನು ಫ್ಯೂನರಲ್ ಹೋಮ್‌ಗೆ ಕೊಡಿ ಅಂತ ಸಹಿ ಹಾಕಿಕೊಡುತ್ತಾರೆ. ಆ ಸಹಿಯ ಮೇಲೆ ಅವರು ಪೆಟ್ಟಿಗೆ, ಗಾಡಿ, ಗುಂಡಿ ಎಲ್ಲ ಸಾಲದಲ್ಲೇ ಮಾಡುತ್ತಾರೆ. ಅದಕ್ಕೆ ಮೊದಲು ಬೇಕಿರೋದು ನಮ್ಮಿಂದ ಒಂದೇ ಮಾತು: ಪಾಲಿಸಿ ಇದೆ. ಆ ಮಾತಿಗೆ ನಾನು ಬೀಗ ಹಾಕಿ ಕೂತಿದ್ದೆ.

ತಪ್ಪು ಗೊತ್ತಾಗಲಿ ಅಂತಲೋ ಏನೋ, ಮುಂದಿನ ಭಾನುವಾರ ಅವರೇ ನನ್ನನ್ನು ಕೆಲ್ಲಿ ಇಂಗ್ರಾಂ ಪಾರ್ಕ್‌ಗೆ ಕರೆದುಕೊಂಡು ಹೋದರು. ಅಲ್ಲೇ ಹತ್ತಿರದಲ್ಲಿ ಗ್ಯಾಸ್ಟನ್ ಮೋಟೆಲ್. ಮೂರು ವರ್ಷದಿಂದ ಆ ಬೋರ್ಡ್ ನೋಡುತ್ತಾ ಕೆಲಸಕ್ಕೆ ಹೋಗುತ್ತಿದ್ದೆ. ಯಾರು ಈ ಗ್ಯಾಸ್ಟನ್ ಅಂತ ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಎ.ಜಿ. ಗ್ಯಾಸ್ಟನ್ ಹುಟ್ಟಿದ್ದು 1892ರಲ್ಲಿ, ಅಲಬಾಮಾದ ಡೆಮೊಪೊಲಿಸ್‌ನಲ್ಲಿ. ಅಜ್ಜ ಅಜ್ಜಿ ಗುಲಾಮರಾಗಿದ್ದವರು. ಚಿಕ್ಕವನಿದ್ದಾಗ ಮನೆ ಹತ್ತಿರದ ಉಯ್ಯಾಲೆಗೆ ಬರುವ ಮಕ್ಕಳಿಂದ ಅಂಗಿಯ ಗುಂಡಿ, ಪಿನ್ನು ವಸೂಲಿ ಮಾಡುತ್ತಿದ್ದನಂತೆ! ಮೊದಲ ಮಹಾಯುದ್ಧ ಮುಗಿಸಿ ಬಂದು ಗಣಿಗಾರರ ಜೊತೆ ದುಡಿದರು. ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿಗಳನ್ನು ಅಲ್ಲೇ ಮಾರಿದರು, ಬಡ್ಡಿಗೆ ಸಾಲ ಕೊಟ್ಟರು. ಬಡ್ಡಿ ಸ್ವಲ್ಪ ಜಾಸ್ತಿನೇ ಇತ್ತು, ಮುಚ್ಚಿಡೋದು ಬೇಡ.

ಗಂಡನನ್ನು ಕಳೆದುಕೊಂಡ ಹೆಂಗಸರು ಸಂಬಳದ ದಿನ ಅಲ್ಲಿಗೆ ಬಂದು, ಮಣ್ಣು ಮಾಡೋಕೆ ದುಡ್ಡು ಕೊಡಿ ಅಂತ ಕೈ ಚಾಚುತ್ತಿದ್ದರು. ಎಲ್ಲರೂ ನೋಡುತ್ತಿದ್ದ ದೃಶ್ಯವೇ. ಗ್ಯಾಸ್ಟನ್ ಮಾತ್ರ ಅದರ ಮೇಲೆ ಯೋಚನೆ ಮಾಡಿದರು. ಸತ್ತ ಮೇಲೆ ಬೇಡೋ ಬದಲು, ಬದುಕಿದ್ದಾಗಲೇ ಚಿಲ್ಲರೆ ಕಟ್ಟಿದರೆ? 1923ರಲ್ಲಿ, ಕಪ್ಪು ಜನರ ನಾಯಕರಾಗಿದ್ದ ಬೂಕರ್ ಟಿ. ವಾಷಿಂಗ್ಟನ್ ಹೆಸರಿನಲ್ಲಿ ಒಂದು ಸಂಘ ಶುರುವಾಯಿತು. ಸಾಕಷ್ಟು ಹಣ ಕೂಡುವ ಮೊದಲೇ ಮೊದಲ ಸಾವು ಬಂತು. ಆದರೂ ಸಾಲ ಹೇಳಿ ಮಣ್ಣು ಮಾಡಿಸಿದರು. ಸಂಘದ ಮೇಲೆ ಜನಕ್ಕೆ ನಂಬಿಕೆ ಬಂದದ್ದು ಅಲ್ಲಿಂದ. ಆಮೇಲೆ ಮಾವನ ಜೊತೆ ಸೇರಿ ಸ್ಮಿತ್ ಅಂಡ್ ಗ್ಯಾಸ್ಟನ್ ಫ್ಯೂನರಲ್ ಹೋಮ್, ಇನ್ಶೂರೆನ್ಸ್ ಕಂಪನಿ, ಕಾಲೇಜು, 1954ರಲ್ಲಿ ಮೋಟೆಲ್, 1957ರಲ್ಲಿ ಉಳಿತಾಯ ಬ್ಯಾಂಕು.

ನನ್ನ ಜೊತೆಗಿದ್ದ ಹಿರಿಯರು ಇನ್ನೊಂದು ವಿಷಯ ಹೇಳಿದರು. ಆಗ ಕಪ್ಪು ಶಿಕ್ಷಕ ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು. ಫ್ಯೂನರಲ್ ಹೋಮ್‌ನವನಿಗೆ ಗಿರಾಕಿಗಳೆಲ್ಲ ತನ್ನವರೇ, ಬಿಳಿಯರ ಸಂಬಳದ ಹಂಗಿಲ್ಲ. ಕಪ್ಪು ಜನರ ಬಡಾವಣೆಗೆ ಆಂಬ್ಯುಲೆನ್ಸ್ ಬಾರದ ಕಡೆ ರೋಗಿಯನ್ನು ಸಾಗಿಸುತ್ತಿದ್ದದ್ದೂ ಇದೇ ಹೆಣದ ಗಾಡಿ.

ಹಾಗಂತ ಗ್ಯಾಸ್ಟನ್ ಬೀದಿಗಿಳಿಯುವವರಲ್ಲ. ಮಾತುಕತೆಯಲ್ಲೇ ಮುಗಿಸೋಣ ಅನ್ನುವವರು. ಹೋರಾಟಗಾರರಿಗೆ ಅವರ ಮೇಲೆ ಸಿಟ್ಟಿತ್ತು, ಅದು ಸುಮ್ನೆ ಬಂದದ್ದೂ ಅಲ್ಲ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಮೋಟೆಲಿನ 30ನೇ ನಂಬರ್ ರೂಮಿನಲ್ಲಿ ವರ್ಣಭೇದದ ವಿರುದ್ಧದ ಚಳವಳಿಯ ಲೆಕ್ಕಾಚಾರ ಮಾಡುತ್ತಿದ್ದರು. ಮಕ್ಕಳನ್ನು ಮೆರವಣಿಗೆಗೆ ಕರೆತರೋದು ಗ್ಯಾಸ್ಟನ್‌ಗೆ ಹಿಡಿಸಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಆಫೀಸಿನಿಂದ ಒಬ್ಬ ಬಿಳಿಯ ವಕೀಲರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಕಿಟಕಿಯಾಚೆ ಪಾರ್ಕ್. ಮೆರವಣಿಗೆ ಚದುರಿಸಲು ಬಿಟ್ಟ ಅಗ್ನಿಶಾಮಕ ದಳದ ನೀರಿನ ರಭಸಕ್ಕೆ ಒಂದು ಪುಟ್ಟ ಹುಡುಗಿ ರಸ್ತೆಯಲ್ಲಿ ಉರುಳುತ್ತಾ ಹೋಗೋದು ಕಾಣಿಸಿತು. ನನ್ನ ಜನ ಅಲ್ಲಿದ್ದಾರೆ, ಹೋಗಬೇಕು ಅಂತ ಫೋನ್ ಇಟ್ಟರು. ಅದೇ ತಿಂಗಳು ಮೋಟೆಲ್‌ಗೆ ಬಾಂಬ್ ಬಿತ್ತು. ಸೆಪ್ಟೆಂಬರ್‌ನಲ್ಲಿ ಮನೆಗೂ ಬಿತ್ತು.

ಗ್ಯಾಸ್ಟನ್ ಬದುಕಿದ್ದು 103 ವರ್ಷ. 1987ರಲ್ಲಿ ಇನ್ಶೂರೆನ್ಸ್ ಕಂಪನಿಯನ್ನು ಅದರ ಬೆಲೆಗಿಂತ ತೀರಾ ಕಡಿಮೆಗೆ ಅಲ್ಲಿನ ನೌಕರರಿಗೇ ಮಾರಿದರು.

ಸೋಮವಾರ ನಾನು ಫಾರಂ ಬಿಚ್ಚಿ ಕೂತೆ. ಮ್ಯಾನೇಜರ್ ಕೇಳಿದ್ದು ಒಂದೇ: "ಮೋಸ ಮಾಡಿದರೆ?" ಪಾಲಿಸಿ ಇದೆ ಅನ್ನೋದು ಬೇರೆ, ಹಣ ಕೊಡೋದು ಬೇರೆ ಅಂತ ವಿವರಿಸೋಕೆ ಎರಡು ಮೀಟಿಂಗ್ ಬೇಕಾಯಿತು. ಹಣ ಕೊಡೋದು ಈಗಲೂ ಸರ್ಟಿಫಿಕೇಟ್ ಬಂದ ಮೇಲೆಯೇ. ಅದು ಕೊನೆಯ ಪುಟಕ್ಕೆ ಹೋಯಿತು. ಮೊದಲ ಪುಟದಲ್ಲಿ ಈಗ ಪಾಲಿಸಿ ನಂಬರ್, ಸತ್ತವರ ಹೆಸರು, ಫ್ಯೂನರಲ್ ಹೋಮ್‌ನ ಫೋನ್ ನಂಬರ್. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಮಣ್ಣು ಯಾವತ್ತು? ಶನಿವಾರ ಅಂತ ಬಂದ ಅರ್ಜಿಗಳು ಬುಧವಾರ ಬೆಳಗ್ಗೆಯೇ ಪಟ್ಟಿಯ ಮೇಲಕ್ಕೆ ಬರುತ್ತವೆ.