ಅಗ್ಗದ ಕಂಪ್ಯಾಕ್ಟ್ ಕ್ಯಾಮೆರಾದಿಂದ ಎಷ್ಟು ಕೆಲಸ ತೆಗೆಯಬಹುದು?

ಜೇಬಿಗೆ ಹಿಡಿಸುವ ಸಣ್ಣ ಡಿಜಿಟಲ್ ಕ್ಯಾಮೆರಾಗಳ ಕಾಲ ಮುಗಿಯಿತು ಎಂದವರೇ ಈಗ ಮತ್ತೆ ಅವನ್ನು ವಿಚಾರಿಸುತ್ತಿದ್ದಾರೆ. ಕೈಯಲ್ಲಿ ಫೋನ್ ಇರುವಾಗ ಇದು ಬೇಕೇ ಎಂಬುದೇ ಎಲ್ಲರ ಪ್ರಶ್ನೆ. ಫೋನಿನಲ್ಲಿ ಇಲ್ಲದ ಎರಡು ವಸ್ತುಗಳು ಇದರಲ್ಲಿವೆ: ಲೆನ್ಸನ್ನೇ ಸರಿಸಿ ದೂರದವರೆಗೆ ಹೋಗುವ ಆಪ್ಟಿಕಲ್ ಜೂಮ್ ಮತ್ತು ಕ್ಸೆನಾನ್ ಫ್ಲ್ಯಾಶ್. ಇವೆರಡರಲ್ಲಿ ಒಂದಾದರೂ ನಿಮಗೆ ಕೆಲಸಕ್ಕೆ ಬರುವುದಾದರೆ ಕೊಳ್ಳಿ. ಎರಡೂ ಬೇಡವೆಂದರೆ ಹಗಲಿರಲಿ, ರಾತ್ರಿಯಿರಲಿ, ಈಚಿನ ಒಂದು ಸಾಧಾರಣ ಫೋನೇ ಮೇಲು.

ದೌರ್ಬಲ್ಯಗಳ ಬೇರು ಸೆನ್ಸರ್‌ನಲ್ಲಿದೆ, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್‌ನಲ್ಲಿ. ಈ ವರ್ಗದ ಬಹುತೇಕ ಕ್ಯಾಮೆರಾಗಳಲ್ಲಿ ಇರುವುದು 1/2.3 ಇಂಚಿನ ಸೆನ್ಸರ್. ನಿಜವಾದ ಅಳತೆ ಸುಮಾರು 6.2 × 4.6 ಮಿ.ಮೀ., ಅಂದರೆ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ದೊಡ್ಡ ಕ್ಯಾಮೆರಾಗಳಲ್ಲಿರುವ 36 × 24 ಮಿ.ಮೀ.ನ ಫುಲ್ ಫ್ರೇಮ್ ಸೆನ್ಸರ್‌ನ ವಿಸ್ತೀರ್ಣ ಇದರ ಮೂವತ್ತು ಪಟ್ಟು. ಇಷ್ಟು ಪುಟ್ಟ ಜಾಗದಲ್ಲಿ 16ರಿಂದ 20 ಮೆಗಾಪಿಕ್ಸೆಲ್ ತುರುಕಿದಾಗ ಒಂದೊಂದು ಪಿಕ್ಸೆಲ್‌ನ ಅಗಲ 1.2ರಿಂದ 1.35 ಮೈಕ್ರಾನ್‌ಗೆ ಇಳಿಯುತ್ತದೆ. ಬೆಳಕು ಸಾಲದಿದ್ದಾಗ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ನಾಯ್ಸ್ ಬರುವುದು ಇದರಿಂದಲೇ. ಕ್ಯಾಮೆರಾ ಆ ನಾಯ್ಸ್ ಒರೆಸಲು ಹೋಗಿ ಕೂದಲು, ಹುಲ್ಲು, ಬಟ್ಟೆಯ ನೇಯ್ಗೆ ಇವನ್ನೆಲ್ಲ ಒಟ್ಟಿಗೆ ಒರೆಸಿಬಿಡುತ್ತದೆ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ ಐಎಸ್‌ಒ. ಅದು 100 ಅಥವಾ 200 ಇದ್ದರೆ ಚಿತ್ರ ಶುಭ್ರ. 400 ನಡೆಯುತ್ತದೆ. 800ರಲ್ಲಿ ಮುಖದ ಚರ್ಮ ಮೇಣದಂತಾಗುತ್ತದೆ. 1600 ಇರುವುದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿಕ್ಕೆ.

ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಈಗ ಬಹಳ ಕಡೆ ಇದಕ್ಕಿಂತ ದೊಡ್ಡದು. ಜೊತೆಗೆ ಫೋನು ಒಂದೇ ಒತ್ತಿಗೆ ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಅಗ್ಗದ ಕಂಪ್ಯಾಕ್ಟ್ ಸಾಮಾನ್ಯವಾಗಿ ಒಂದೇ ಫ್ರೇಮ್ ತೆಗೆದು, ಅದನ್ನೇ ಕುಗ್ಗಿಸಿ ಜೆಪೆಗ್ ಫೈಲ್ ಮಾಡಿ ಕೊಡುತ್ತದೆ. ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಇಲ್ಲದೆ ಎರಡನ್ನೂ ಹೋಲಿಸಿ ನೋಡಿ ಬೇಸರಪಡುವುದರಲ್ಲಿ ಅರ್ಥವಿಲ್ಲ.

ಎರಡನೆಯ ತೊಡಕು ಲೆನ್ಸ್‌ನದ್ದು. ಉದಾಹರಣೆಗೆ ಕ್ಯಾನನ್ ಇಕ್ಸಸ್ 185 ಕ್ಯಾಮೆರಾ ನೋಡಿ. ಲೆನ್ಸ್ ಸುತ್ತ 5.0–40.0 ಮಿ.ಮೀ., 1:3.2–6.9 ಎಂದು ಬರೆದಿದೆ. ಮೊದಲ ಜೋಡಿ ಫೋಕಲ್ ಲೆಂತ್, ಜೂಮ್ ಎಷ್ಟು ದೂರ ಹೋಗುತ್ತದೆ ಎಂಬುದರ ಅಳತೆ. ಫುಲ್ ಫ್ರೇಮ್ ಲೆಕ್ಕಕ್ಕೆ ಇದು 28ರಿಂದ 224 ಮಿ.ಮೀ., ಎಂಟು ಪಟ್ಟು ಜೂಮ್. ಎರಡನೆಯ ಜೋಡಿ ಸಂಖ್ಯೆಯನ್ನು ಹೆಚ್ಚಿನವರು ಓದುವುದೇ ಇಲ್ಲ, ಆದರೆ ಸಂಗತಿ ಇರುವುದು ಅಲ್ಲೇ. ಅದು ಎಫ್ ಸಂಖ್ಯೆ: ಹೆಚ್ಚಾದಷ್ಟೂ ಲೆನ್ಸ್‌ನ ರಂಧ್ರ ಕಿರಿದು, ಬೆಳಕು ಕಡಿಮೆ. ಜೂಮ್ ಮಾಡದಿದ್ದಾಗ ಎಫ್/3.2, ಪೂರ್ತಿ ಜೂಮ್ ಮಾಡಿದಾಗ ಎಫ್/6.9. ಅಂದರೆ ಜೂಮ್ ಎಳೆದ ಕೂಡಲೇ ಒಳಗೆ ಬರುವ ಬೆಳಕು ಐದರಲ್ಲಿ ಒಂದು ಪಾಲಿಗೆ ಹತ್ತಿರ ಇಳಿಯುತ್ತದೆ.

ಸಂಜೆ ದೀಪ ಹಚ್ಚಿದ ಒಂದು ಸಾಧಾರಣ ಕೋಣೆಯನ್ನು ಲೆಕ್ಕಕ್ಕಿಡೋಣ. ಐಎಸ್‌ಒ 800ರಲ್ಲಿ ಜೂಮ್ ಇಲ್ಲದೆ ಶಟರ್ ವೇಗ, ಅಂದರೆ ಬೆಳಕು ಒಳಬರಲು ಬಿಡುವ ಹೊತ್ತು, ಸುಮಾರು 1/50 ಸೆಕೆಂಡ್ ಸಿಗುತ್ತದೆ. ಕೈ ಸ್ವಲ್ಪ ಗಟ್ಟಿಯಿದ್ದರೆ ಸಾಕು. ಅದೇ ಕೋಣೆಯಲ್ಲಿ ಪೂರ್ತಿ ಜೂಮ್ ಮಾಡಿದರೆ ವೇಗ 1/11ಕ್ಕೆ ಕುಸಿಯುತ್ತದೆ. 224 ಮಿ.ಮೀ.ಗೆ ಕೈಯಲ್ಲಿ ಹಿಡಿದು ತೆಗೆಯಲು ಬೇಕಾದದ್ದು 1/200ರ ಆಸುಪಾಸು. ಚಿತ್ರ ಅಲುಗಾಡದೆ ಇನ್ನೇನಾದೀತು? ಇಕ್ಸಸ್ 185ರಲ್ಲಿ ಕೈಯ ನಡುಕವನ್ನು ಸರಿದೂಗಿಸುವ ಆಪ್ಟಿಕಲ್ ಸ್ಟೆಬಿಲೈಸೇಶನ್ ಕೂಡ ಇಲ್ಲ. ಅದೇ ಸಾಲಿನ ಇಕ್ಸಸ್ 190 ಮತ್ತು 285ರಲ್ಲಿ ಇದೆ. ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟೆಂದು ಕೇಳುವ ಬದಲು ಈ ಒಂದನ್ನು ಕೇಳಿ. ‘ಡಿಜಿಟಲ್ ಸ್ಟೆಬಿಲೈಸೇಶನ್’ ಎಂದು ಬರೆದಿದ್ದರೆ ಸ್ಟಿಲ್ ಚಿತ್ರಕ್ಕೆ ಅದು ಇಲ್ಲದಂತೆಯೇ. ಹೆಚ್ಚೆಂದರೆ ಐಎಸ್‌ಒ ಏರಿಸುತ್ತದೆ, ಅಥವಾ ವಿಡಿಯೊದ ಅಂಚು ಕತ್ತರಿಸುತ್ತದೆ. ಆಪ್ಟಿಕಲ್ ಇದ್ದರೂ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ಓಡುವ ಮಗು ಮಸುಕಾಗಿಯೇ ಬರುತ್ತದೆ.

ಇದರಿಂದ ಹೊರಡುವ ಅಭ್ಯಾಸ ಸರಳ. ಒಳಾಂಗಣದಲ್ಲಿ ಜೂಮ್ ಮುಟ್ಟಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ. ಜೂಮ್ ಬಿಸಿಲಿನ ಸಾಮಾನು. ಮೆನುವಿನಲ್ಲಿ ಡಿಜಿಟಲ್ ಜೂಮ್ ಆಫ್ ಮಾಡಿ. ಇಲ್ಲವಾದರೆ ಆಪ್ಟಿಕಲ್ ಜೂಮ್ ಮುಗಿದ ಮೇಲೂ ಕ್ಯಾಮೆರಾ ಚಿತ್ರದ ನಡುಭಾಗವನ್ನು ಹಿಗ್ಗಿಸುತ್ತ ಹೋಗುತ್ತದೆ.

ಇಷ್ಟೆಲ್ಲ ದೂರಿದ ಮೇಲೆ ಫ್ಲ್ಯಾಶ್‌ನ ಗುಣ ಹೇಳಲೇಬೇಕು. ಫೋನಿನಲ್ಲಿರುವುದು ಎಲ್‌ಇಡಿ ದೀಪ. ಮಂದ ಬೆಳಕನ್ನು ಅಷ್ಟು ಹೊತ್ತೂ ಚೆಲ್ಲುತ್ತಿರುತ್ತದೆ. ಕ್ಸೆನಾನ್ ಕೊಳವೆ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಸುರಿಯುತ್ತದೆ. ಹಾಗಾಗಿ ಕುಣಿಯುವವರ ಕೈಕಾಲು ಕೂಡ ಕಡೆದಿಟ್ಟಂತೆ ನಿಲ್ಲುತ್ತವೆ, ಐಎಸ್‌ಒ ಕೆಳಗೇ ಇರುತ್ತದೆ, ಬಣ್ಣ ಗಟ್ಟಿಯಾಗಿ ಬರುತ್ತದೆ. ಪಾರ್ಟಿ ಚಿತ್ರಗಳಲ್ಲಿ ಮುಖ ಬೆಳ್ಳಗೆ, ಹಿನ್ನೆಲೆ ಕಪ್ಪಗೆ ಇರುವ ‘ಹಳೇ ಡಿಜಿಕ್ಯಾಮ್ ಲುಕ್’ ಎಂದು ಜನ ಹುಡುಕುವುದು ಈ ಫ್ಲ್ಯಾಶ್‌ನ ಕೆಲಸವನ್ನೇ. ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್ ಇದ್ದರೆ ಬಣ್ಣಕ್ಕೆ ಏನೋ ಮಾಂತ್ರಿಕ ಶಕ್ತಿ ಬರುತ್ತದೆ ಎಂಬ ಮಾತು ಬಹಳ ಓಡಾಡುತ್ತಿದೆ. ಬಣ್ಣವನ್ನು ತೀರ್ಮಾನಿಸುವುದು ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್, ಯಾವ ಬೆಳಕಿನಲ್ಲೂ ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸ್ ಮತ್ತು ಜೆಪೆಗ್ ಮಾಡುವ ತಂತ್ರಾಂಶ. ಸಿಸಿಡಿ ಎಂಬ ಮೂರಕ್ಷರಕ್ಕೆ ಹೆಚ್ಚು ಹಣ ಕೊಡಬೇಡಿ. ಅದರದ್ದೇ ಆದ ಒಂದು ಕಿರಿಕಿರಿಯೂ ಇದೆ: ವಿಡಿಯೊ ತೆಗೆಯುವಾಗ ಬೀದಿದೀಪವೋ ಸೂರ್ಯನೋ ಚೌಕಟ್ಟಿನೊಳಗೆ ಬಂದರೆ ಮೇಲಿಂದ ಕೆಳಗಿನವರೆಗೆ ಬೆಳಕಿನ ಗೆರೆ ಎಳೆದುಕೊಳ್ಳುತ್ತದೆ.

ಫ್ಲ್ಯಾಶ್‌ನ ಹದ ದೂರದಲ್ಲಿದೆ. ದೂರ ಎರಡು ಪಟ್ಟಾದರೆ ತಲುಪುವ ಬೆಳಕು ನಾಲ್ಕರಲ್ಲಿ ಒಂದು. ಈ ಪುಟ್ಟ ಫ್ಲ್ಯಾಶ್‌ಗಳು ಜೂಮ್ ಇಲ್ಲದಿದ್ದಾಗ ಮೂರು ಮೀಟರ್, ಜೂಮ್ ಮಾಡಿದಾಗ ಎರಡು ಮೀಟರ್ ಸುಮಾರಿಗೆ ಸುಸ್ತಾಗುತ್ತವೆ. ದೂರದ ವೇದಿಕೆಯ ಕಡೆಗೆ ಫ್ಲ್ಯಾಶ್ ಹೊಡೆದರೆ ಮುಂದಿನ ಸಾಲಿನವರ ತಲೆಗಳು ಮಾತ್ರ ಬೆಳಗುತ್ತವೆ. ಒಂದೂವರೆಯಿಂದ ಎರಡು ಮೀಟರ್ ಒಳ್ಳೆಯ ಅಂತರ. ಹಿನ್ನೆಲೆ ತೀರ ಕಪ್ಪಾಗುವುದು ಬೇಡವೆಂದರೆ ‘ಸ್ಲೋ ಸಿಂಕ್’ ಆಯ್ದುಕೊಳ್ಳಿ. ಶಟರ್ ಹೆಚ್ಚು ಹೊತ್ತು ತೆರೆದಿದ್ದು ಹಿಂದಿನ ದೀಪಗಳೂ ದಾಖಲಾಗುತ್ತವೆ, ಆದರೆ ಕೈ ಅಲುಗಬಾರದು. ಬಿಸಿಲಲ್ಲಿ ಮುಖದ ಮೇಲೆ ಟೋಪಿಯ ನೆರಳು ಬಿದ್ದಾಗಲೂ ಫ್ಲ್ಯಾಶ್ ಆನ್ ಮಾಡಿ. ಆಟೊದಲ್ಲಿ ಬಿಟ್ಟರೆ ಅದು ಹಗಲು ಹೊತ್ತು ಸಾಮಾನ್ಯವಾಗಿ ಬೆಳಗುವುದಿಲ್ಲ. ಕಣ್ಣು ಕೆಂಪಾಗುವುದು ಫ್ಲ್ಯಾಶ್ ಲೆನ್ಸ್‌ಗೆ ತೀರ ಹತ್ತಿರ ಇರುವುದರಿಂದ. ಕೋಣೆಯ ದೀಪಗಳನ್ನೆಲ್ಲ ಹಾಕಿದರೆ ಪಾಪೆ ಕಿರಿದಾಗಿ ಅದು ಕಡಿಮೆಯಾಗುತ್ತದೆ. ಧೂಳಿನಲ್ಲಿ, ತುಂತುರು ಮಳೆಯಲ್ಲಿ ತೆಗೆದ ಚಿತ್ರಗಳಲ್ಲಿ ತೇಲುವ ಬಿಳಿ ಗೋಲಗಳಿಗೂ ಫ್ಲ್ಯಾಶ್ ಲೆನ್ಸ್‌ಗೆ ಹತ್ತಿರ ಇರುವುದೇ ಕಾರಣ. ಅವು ದೆವ್ವಗಳಲ್ಲ.

ಹಿನ್ನೆಲೆ ಮಸುಕು ಮಾಡುವ ಆಸೆ ಇದ್ದರೆ ಈ ಕ್ಯಾಮೆರಾ ಬೇಡ. ಎಫ್/3.2 ಎಂದರೂ ಸೆನ್ಸರ್‌ನ ಗಾತ್ರದಿಂದಾಗಿ ಮಸುಕಿನ ಲೆಕ್ಕಕ್ಕೆ ಅದು ಫುಲ್ ಫ್ರೇಮ್‌ನ ಎಫ್/18ಕ್ಕೆ ಸಮ. ಮುಂದಿನದೂ ಹಿಂದಿನದೂ ಎಲ್ಲ ಸ್ಪಷ್ಟ. ಇದೇ ಗುಣ ಹತ್ತಿರದ ಚಿತ್ರಕ್ಕೆ ವರವಾಗುತ್ತದೆ. ಮ್ಯಾಕ್ರೊದಲ್ಲಿ, ಜೂಮ್ ಪೂರ್ತಿ ಹಿಂದಕ್ಕಿಟ್ಟು, ಕೆಲವು ಮಾದರಿಗಳು ಒಂದೇ ಸೆಂ.ಮೀ. ದೂರದಿಂದಲೂ ಫೋಕಸ್ ಮಾಡುತ್ತವೆ. ಅಷ್ಟು ಹತ್ತಿರ ಹೋದರೆ ಲೆನ್ಸ್‌ನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಐದು ಸೆಂ.ಮೀ. ದೂರ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಕಿಟಕಿ ಬೆಳಕಿನಲ್ಲಿ ತೆಗೆಯಿರಿ.

ಶಟರ್ ಒತ್ತುವ ರೀತಿಯನ್ನೂ ಬದಲಿಸಬೇಕು. ಫೋನಿನಂತೆ ಒಮ್ಮೆಗೇ ಅದುಮಿದರೆ ಕ್ಯಾಮೆರಾ ಆಗ ಫೋಕಸ್ ಹುಡುಕಲು ತೊಡಗುತ್ತದೆ, ಮಂದ ಬೆಳಕಿನಲ್ಲಿ ಅದಕ್ಕೆ ಅರ್ಧದಿಂದ ಒಂದು ಸೆಕೆಂಡ್ ಹೋಗುತ್ತದೆ, ನಗು ಮಾಯವಾಗಿರುತ್ತದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ, ಹಸಿರು ಚೌಕ ಬರಲಿ, ಕಾಯಿರಿ, ಸರಿಯಾದ ಗಳಿಗೆಗೆ ಪೂರ್ತಿ ಒತ್ತಿ. ಆಟೊ ಬಿಟ್ಟು ‘ಪಿ’ ಅಥವಾ ‘ಪ್ರೋಗ್ರಾಮ್’ ಮೋಡ್‌ಗೆ ಹೋದರೆ ಐಎಸ್‌ಒ, ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳಕಾಗಿ ಬರಬೇಕೆಂಬುದು), ವೈಟ್ ಬ್ಯಾಲೆನ್ಸ್ ನಿಮ್ಮ ಕೈಗೆ ಬರುತ್ತವೆ. ಬಿಸಿಲಲ್ಲಿ ಎಕ್ಸ್‌ಪೋಶರ್ –1/3 ಅಥವಾ –2/3 ಇಡಿ. ಸಣ್ಣ ಸೆನ್ಸರ್‌ನಲ್ಲಿ ಮೋಡ, ಬಿಳಿ ಅಂಗಿ ಬೇಗ ಸುಣ್ಣದಂತೆ ಬೆಳ್ಳಗಾಗಿಬಿಡುತ್ತವೆ. ಜೆಪೆಗ್‌ನಲ್ಲಿ ಹಾಗೆ ಹೋದದ್ದು ಹೋದದ್ದೇ, ಆದರೆ ಸ್ವಲ್ಪ ಕಪ್ಪಾಗಿದ್ದರೆ ಆಮೇಲೆ ಎತ್ತಬಹುದು. ಹಳದಿ ಬಲ್ಬಿನ ಬೆಳಕಿನಲ್ಲಿ ವೈಟ್ ಬ್ಯಾಲೆನ್ಸ್ ಅನ್ನು ಬಲ್ಬಿನ ಚಿಹ್ನೆಗೆ ತನ್ನಿ.

ಎಫ್ ಸಂಖ್ಯೆಯನ್ನು ನೀವೇ ಆರಿಸುವ ಅವಕಾಶ ಸಿಗಲಿಲ್ಲವೆಂದು ಹುಡುಕಬೇಡಿ. ಈ ದರ್ಜೆಯ ಎಷ್ಟೋ ಕ್ಯಾಮೆರಾಗಳಲ್ಲಿ ಹಿಗ್ಗಿ ಕುಗ್ಗುವ ಅಪರ್ಚರ್, ಅಂದರೆ ಬೆಳಕು ಹಾಯುವ ರಂಧ್ರ, ಇರುವುದೇ ಇಲ್ಲ. ಬಿಸಿಲು ಹೆಚ್ಚಾದಾಗ ಒಳಗೊಂದು ಬೂದು ಫಿಲ್ಟರ್ ಅಡ್ಡ ಬರುತ್ತದೆ, ಅಷ್ಟೆ. ಅದು ಜಿಪುಣತನ ಮಾತ್ರವಲ್ಲ: ಇಷ್ಟು ಸಣ್ಣ ಪಿಕ್ಸೆಲ್ ಇರುವಾಗ ರಂಧ್ರ ಕಿರಿದು ಮಾಡಿದರೆ ಬೆಳಕು ಹರಡಿಕೊಂಡು ಚಿತ್ರ ಮೆತ್ತಗಾಗುತ್ತದೆ.

ಹೊಸದಾಗಿ ಕೊಳ್ಳುವವರು ಒಂದು ಮೋಸದ ಸಾಮಾನಿನಿಂದ ದೂರವಿರಬೇಕು. ಆನ್‌ಲೈನ್‌ನಲ್ಲಿ ಕೇಳರಿಯದ ಹೆಸರಿನ ಕ್ಯಾಮೆರಾಗಳು ‘48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್’ ಎಂದು ಬರುತ್ತವೆ. ಜೂಮ್ ಪೂರ್ತಿ ಡಿಜಿಟಲ್, ಮೆಗಾಪಿಕ್ಸೆಲ್ ಹಿಗ್ಗಿಸಿದ ಲೆಕ್ಕ, ಎಷ್ಟೋ ಸಲ ಫೋಕಸ್ ಕೂಡ ಬದಲಾಗದು, ಫ್ಲ್ಯಾಶ್ ಎಂದರೆ ಒಂದು ಎಲ್‌ಇಡಿ. ಅಲ್ಲಿಗೆ ಕಂಪ್ಯಾಕ್ಟ್ ಕೊಳ್ಳಲು ಇದ್ದ ಎರಡು ಕಾರಣಗಳೂ ಹೋದವು. ಗುರುತು ಸುಲಭ: ಆನ್ ಮಾಡಿದಾಗ ಲೆನ್ಸ್ ಕೊಳವೆ ಮುಂದೆ ಚಾಚದಿದ್ದರೆ, ಲೆನ್ಸ್ ಸುತ್ತ ‘5.0–40.0’ ರೀತಿಯ ಎರಡು ಸಂಖ್ಯೆ ಇರುವ ಕಡೆ ಒಂದೇ ಸಂಖ್ಯೆ ಇದ್ದರೆ ಅನುಮಾನಪಡಿ. ಕೆಲವು ನೀರೊಳಗಿನ ಕ್ಯಾಮೆರಾಗಳ ಕೊಳವೆಯೂ ಹೊರಗೆ ಚಾಚುವುದಿಲ್ಲ, ಆದರೆ ಅವುಗಳ ಮೇಲೆ ಎರಡು ಸಂಖ್ಯೆ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಪೂರ್ತಿ ಜೂಮ್ ಮಾಡಿ ಬಿಳಿ ಗೋಡೆಯ ಅಥವಾ ಖಾಲಿ ಆಕಾಶದ ಒಂದು ಚಿತ್ರ ತೆಗೆದು ನೋಡಿ. ಬೂದು ಚುಕ್ಕೆಗಳು ಕಂಡರೆ ಒಳಗೆ ಧೂಳು ಸೇರಿದೆ. ಲೆನ್ಸ್ ಹೊರಗೆ ಹೋಗಿ ಒಳಗೆ ಬರುವಾಗ ಗಾಳಿಯನ್ನೂ ಧೂಳನ್ನೂ ಎಳೆದುಕೊಳ್ಳುತ್ತದೆ. ಬಿಚ್ಚದೆ ಅದು ಹೋಗುವುದಿಲ್ಲ, ಮತ್ತು ಬಿಚ್ಚುವ ಸಾಹಸ ಬೇಡ: ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಸುಮಾರು ಉಳಿದಿರುತ್ತದೆ. ಜೂಮ್ ಮುಂದೆ ಹಿಂದೆ ಹೋಗುವಾಗ ಕರಕರ ಸದ್ದು ಬಂದರೆ ಮರಳು ಹೊಕ್ಕಿದೆ ಎಂದು ತಿಳಿಯಿರಿ. ಮುಂದಿನ ಹಂತವೇ ‘ಲೆನ್ಸ್ ಎರರ್’, ಹಳೆಯ ಕ್ಯಾನನ್‌ಗಳಲ್ಲಿ ‘ಇ18’. ಜೇಬಿನೊಳಗೆ ಅಕಸ್ಮಾತ್ ಆನ್ ಆಗಿ, ಬಟ್ಟೆಗೆ ಒತ್ತಿಕೊಂಡು ಹೊರಬರಲು ಹೆಣಗುವ ಲೆನ್ಸ್‌ನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದರೂ ಇದೇ ಗತಿ. ಬ್ಯಾಟರಿ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿ, ಲೆನ್ಸ್ ಮೇಲ್ಮುಖವಾಗಿ ಹಿಡಿದು ಆನ್ ಮಾಡಿ ನೋಡಬಹುದು. ಸರಿಯಾಗದಿದ್ದರೆ ಬಿಟ್ಟುಬಿಡಿ, ರಿಪೇರಿಯ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. 2000ದ ದಶಕದ ಮೊದಲ ಭಾಗದ ಕೆಲವು ಮಾದರಿಗಳಲ್ಲಿ ಸಿಸಿಡಿಯ ಒಳಜೋಡಣೆಯೇ ಸಡಿಲವಾಗಿ ಚಿತ್ರ ನೇರಳೆಯಾಗಿಯೋ ಪೂರ್ತಿ ಕಪ್ಪಾಗಿಯೋ ಬರುತ್ತದೆ. 2005ರಲ್ಲಿ ಹಲವು ಕಂಪನಿಗಳು ಈ ದೋಷವನ್ನು ಒಪ್ಪಿಕೊಂಡಿದ್ದವು.

ಬ್ಯಾಟರಿಯನ್ನು ಹೊರತೆಗೆದು ಸಮತಟ್ಟಾದ ಮೇಜಿನ ಮೇಲಿಡಿ. ಬುಗುರಿಯಂತೆ ತಿರುಗಿದರೆ ಅದು ಉಬ್ಬಿದೆ, ಬಳಸಬೇಡಿ. ಒಂದು ಚಾರ್ಜ್‌ಗೆ ಸುಮಾರು 200 ಚಿತ್ರ ಎಂದುಕೊಳ್ಳಿ, ಫ್ಲ್ಯಾಶ್ ಹೆಚ್ಚು ಹೊಡೆದರೆ ಇನ್ನೂ ಕಡಿಮೆ. ಎರಡನೆಯ ಬ್ಯಾಟರಿ ಇರಲಿ. ಎಎ ಸೆಲ್ ಹಾಕುವ ಮಾದರಿಯಾದರೆ ಮರುಚಾರ್ಜ್ ಆಗುವ 2000 ಎಂಎಎಚ್‌ನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನೇ ಹಾಕಿ. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್‌ಗಳು ಫ್ಲ್ಯಾಶ್ ಚಾರ್ಜ್ ಆಗುವಾಗಲೇ ಮಲಗುತ್ತವೆ.

ಇನ್ನು ಚಿತ್ರ ಉಳಿಸುವ ಮೆಮೊರಿ ಕಾರ್ಡ್. 2 ಜಿಬಿವರೆಗಿನವು ಎಸ್‌ಡಿ, ಅಲ್ಲಿಂದ 32 ಜಿಬಿವರೆಗೆ ಎಸ್‌ಡಿಎಚ್‌ಸಿ, 64 ಜಿಬಿ ಮತ್ತು ಮೇಲಿನವು ಎಸ್‌ಡಿಎಕ್ಸ್‌ಸಿ. ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ, ಅದಕ್ಕಿಂತ ಹಳೆಯ ಕ್ಯಾಮೆರಾಗೆ 2 ಜಿಬಿವರೆಗಿನ ಕಾರ್ಡೇ ಬೇಕು, ದೊಡ್ಡದು ಹಾಕಿದರೆ ‘ಕಾರ್ಡ್ ಎರರ್’ ಎನ್ನುತ್ತದೆ. ಹಳೆಯ ಒಲಿಂಪಸ್, ಫ್ಯೂಜಿಫಿಲ್ಮ್‌ಗಳ ಎಕ್ಸ್‌ಡಿ ಕಾರ್ಡ್ ಮತ್ತು ಸೋನಿಯ ಮೆಮೊರಿ ಸ್ಟಿಕ್ ಈಗ ಹುಡುಕಿ ತರಬೇಕಾದವು. ಕಾರ್ಡ್ ಇಲ್ಲದೆ ಅಂಥ ಕ್ಯಾಮೆರಾ ಕೊಳ್ಳಬೇಡಿ. ಫಾರ್ಮ್ಯಾಟ್ ಅನ್ನು ಕಂಪ್ಯೂಟರ್‌ನಲ್ಲಿ ಅಲ್ಲ, ಕ್ಯಾಮೆರಾದ ಮೆನುವಿನಲ್ಲೇ ಮಾಡಿ. ಬರೆಯುವಾಗ ಅಡ್ಡಿ ಬಂದರೆ ಕಾರ್ಡ್‌ನ ಪಕ್ಕದ ಪುಟ್ಟ ಲಾಕ್ ಕೆಳಕ್ಕೆ ಜಾರಿದೆಯೇ ಎಂದು ಮೊದಲು ನೋಡಿ.