ರಿವ್ಯೂ ಟೂಲ್ ಸ್ಲೋ ಅನ್ನಿಸಿದರೆ ಮೊದಲು ಸರ್ಚ್ ನೋಡಿ

ಪುಣೆಯ ಖರಾಡಿ, ಹಿಂಜವಡಿಯ ಆಫೀಸುಗಳಲ್ಲಿ ಅಮೆರಿಕದ ಕೇಸುಗಳ ಡಾಕ್ಯುಮೆಂಟ್ ರಿವ್ಯೂಗೆ, ಅಂದರೆ ಕೇಸಿಗೆ ಬೇಕಾದ ಪತ್ರಗಳನ್ನು ಓದಿ ಗುರುತು ಹಾಕುವ ಕೆಲಸಕ್ಕೆ, ಕೂರುವ ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯ ಹುಡುಗರದ್ದು ಯಾವಾಗಲೂ ಒಂದೇ ದೂರು: "ಸಿಸ್ಟಮ್ ಭಾಳ ಸ್ಲೋ ಐತ್ರಿ ಸರ." ಕೂಡಲೇ ಸರ್ವರಿಗೆ ಮೆಮೊರಿ ಹೆಚ್ಚಿಸಿ ಅಂತ ಟಿಕೆಟ್ ಹೋಗುತ್ತದೆ. ಅದು ಕೊನೆಗೆ ಮಾಡಬೇಕಾದ ಕೆಲಸ. ತಡ ಆಗುತ್ತಿರುವುದು ಸರ್ಚ್ ಪಟ್ಟಿ ಬರುವಾಗಲೋ, ನೆಕ್ಸ್ಟ್ ಒತ್ತಿದಾಗಲೋ, ಕೋಡಿಂಗ್ (ಡಾಕ್ಯುಮೆಂಟಿಗೆ ಹಾಕಿದ ಗುರುತು) ಸೇವ್ ಮಾಡುವಾಗಲೋ ಅಂತ ಮೊದಲು ಬಿಡಿಸಿ ಕೇಳಿ. ಮೂರರ ಕಾರಣವೂ ಬೇರೆ ಬೇರೆ.

ಸೇವ್, ನೆಕ್ಸ್ಟ್ ಎರಡೂ ಎಲ್ಲರಿಗೂ ಒಂದೇ ಸಮ ತಡವಾದರೆ ಅಮೆರಿಕದಲ್ಲಿರುವ ಸರ್ವರಿನ ದೂರದ ಮೇಲೆ ಅನುಮಾನ ಇಡಿ. ಪುಣೆಯಿಂದ ನ್ಯೂಯಾರ್ಕಿಗೆ ನೇರ ಗೆರೆ ಎಳೆದರೂ 12,000 ಕಿ.ಮೀ. ಮೀರುತ್ತದೆ. ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಂದರೆ ಹೋಗಿ ಬರಲು 120 ಮಿಲಿಸೆಕೆಂಡ್ ಬೇಕೇ ಬೇಕು, ಯಾವ ಸರ್ವರ್ ಹಾಕಿದರೂ ಅದು ಇಳಿಯುವುದಿಲ್ಲ. ಕೇಬಲ್ ಸುತ್ತು ಹಾಕಿಕೊಂಡು ಹೋಗುವುದರಿಂದ ನಿಜದಲ್ಲಿ 200 ದಾಟುತ್ತದೆ. ಒಂದು ಸೇವ್‌ಗೆ ಬ್ರೌಸರ್ 10 ಸಲ ಹೋಗಿ ಬಂದರೆ 2 ಸೆಕೆಂಡ್ ಹೋಯಿತು. 40 ಜನ ತಾಸಿಗೆ 60 ಡಾಕ್ಯುಮೆಂಟ್ ನೋಡುತ್ತಾ ಪ್ರತಿಯೊಂದಕ್ಕೆ 4 ಸೆಕೆಂಡ್ ಕಾದರೆ ಪ್ರತಿ ತಾಸಿಗೂ ಒಟ್ಟು 160 ನಿಮಿಷದ ಕೆಲಸ ನಷ್ಟ. ಸರ್ವರ್ ಇರುವ ಊರಿನಲ್ಲೇ ರಿಮೋಟ್ ಡೆಸ್ಕ್‌ಟಾಪ್ ಕೊಡಿಸಿ, ಮುಂದಿನ ಡಾಕ್ಯುಮೆಂಟನ್ನು ಮೊದಲೇ ತಂದಿಡುವ ಸೆಟ್ಟಿಂಗ್ ಆನ್ ಮಾಡಿ, ಕೋಡಿಂಗ್ ಲೇಔಟಿನಿಂದ ಬೇಡದ ಫೀಲ್ಡ್ ತೆಗೆಯಿರಿ.

ಒಬ್ಬರಿಗೆ ಮಾತ್ರ, ಒಂದೇ ಡಾಕ್ಯುಮೆಂಟಿನಲ್ಲಿ ನಿಂತರೆ ಅದು ಬಹುತೇಕ ಎಕ್ಸೆಲ್. ಒಂದು ಶೀಟಿನಲ್ಲಿ 10,48,576 ಸಾಲು ಹಿಡಿಸುತ್ತವೆ. ವ್ಯೂವರ್ ಅಷ್ಟನ್ನೂ ಪುಟಗಳಾಗಿ ಬಿಡಿಸಲು ಹೋಗಿ ಉಸಿರುಗಟ್ಟುತ್ತದೆ. ಬ್ಯಾಚ್ (ಒಬ್ಬೊಬ್ಬರಿಗೆ ಹಂಚುವ ಕಟ್ಟು) ಮಾಡುವ ಮೊದಲು ಟೆಕ್ಸ್ಟ್ ಸೈಜಿನ ಮೇಲೆ ಸಾರ್ಟ್ ಮಾಡಿ, ತೀರಾ ದೊಡ್ಡವನ್ನು ಬೇರೆ ಬ್ಯಾಚಿಗೆ ಹಾಕಿ, ಮೂಲ ಫೈಲಿನಲ್ಲೇ ನೋಡಲು ಹೇಳಿ.

ಇನ್ನು ಸರ್ಚ್. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ. ಪೂರ್ತಿ ಟೆಕ್ಸ್ಟಿನ ಫೀಲ್ಡ್ ಮೇಲೆ "ಈ ಪದ ಒಳಗಿದೆ" ಅಂತ ಷರತ್ತು ಹಾಕಿದರೆ ಡೇಟಾಬೇಸ್ ಒಂದೊಂದೇ ಸಾಲು ತೆರೆದು ಓದುತ್ತದೆ. ಪದ ಹುಡುಕಲು ಇಂಡೆಕ್ಸ್ (ಪದಗಳ ಸಿದ್ಧ ಸೂಚಿ), ತಾರೀಖು ಮತ್ತು ಪತ್ರ ಯಾರ ಬಳಿ ಇತ್ತೋ ಆ ಕಸ್ಟೋಡಿಯನ್‌ಗೆ ಫೀಲ್ಡ್: ಈ ವಿಂಗಡಣೆ ತಪ್ಪಬಾರದು. ಸೇವ್ ಮಾಡಿದ ಸರ್ಚ್ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಸೇರಿಸಿದರೆ ಮೇಲಿನದನ್ನು ತೆರೆದಾಗಲೆಲ್ಲ ಕೆಳಗಿನವೂ ಓಡುತ್ತವೆ. ಒಳಗಿನದನ್ನು ಒಮ್ಮೆ ಓಡಿಸಿ, ಫಲಿತಾಂಶಕ್ಕೆ ಒಟ್ಟಿಗೆ ಒಂದು ಟ್ಯಾಗ್ ಹಾಕಿ, ಮೇಲಿನ ಸರ್ಚಿನಲ್ಲಿ ಆ ಟ್ಯಾಗನ್ನೇ ಕೇಳಿ. ಹೊಸ ಡೇಟಾ ಬಂದಾಗ ಟ್ಯಾಗನ್ನೂ ಹೊಸದಾಗಿ ಹಾಕಬೇಕು, ಇದನ್ನು ಮರೆತವರೇ ಹೆಚ್ಚು.

ಪದದ ಶುರುವಿಗೇ ನಕ್ಷತ್ರ (*, ಅಂದರೆ ಇಲ್ಲಿ ಯಾವ ಅಕ್ಷರವಾದರೂ ಸರಿ) ಹಾಕುವುದಂತೂ ದುಬಾರಿ. ನಿಘಂಟಿನಲ್ಲಿ ಕೊನೆಯ ಅಕ್ಷರ ಹಿಡಿದು ಪದ ಹುಡುಕಿದ ಹಾಗೆ, ಇಂಡೆಕ್ಸಿನ ಪದಪಟ್ಟಿ ಪೂರ್ತಿ ತಿರುವಬೇಕಾಗುತ್ತದೆ. ಆ ಪಟ್ಟಿಯನ್ನು ಉಬ್ಬಿಸುವುದು ಕೆಟ್ಟ ಓಸಿಆರ್ (ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದಿಸುವುದು) ಮತ್ತು ಹಳೇ ಫಾಂಟ್. ಪುಣೆಯ ಕಂಪನಿಗಳ ಡೇಟಾದಲ್ಲಿ ಮರಾಠಿಯ ಶ್ರೀಲಿಪಿ, ಬೆಳಗಾವಿ ಶಾಖೆಯ ನುಡಿ, ಬರಹ ಫೈಲುಗಳು ಇದ್ದೇ ಇರುತ್ತವೆ. ತೆರೆಯ ಮೇಲೆ ಚಂದದ ಕನ್ನಡ, ಒಳಗಿನ ಟೆಕ್ಸ್ಟ್ ಮಾತ್ರ ಲ್ಯಾಟಿನ್ ಅಕ್ಷರಗಳ ಗೋಜಲು. ಯೂನಿಕೋಡಿನಲ್ಲಿ (ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತ) ಏನೇ ಕೇಳಿದರೂ ಉತ್ತರ ಸೊನ್ನೆ, ಎರರ್ ಕೂಡ ಬರುವುದಿಲ್ಲ. ಬೇಕಾದ ಪತ್ರ ಕೈಗೆ ಸಿಗದೆ ಹೋಗುವುದು ಹೀಗೆಯೇ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ನುಡಿ ಟೆಕ್ಸ್ಟನ್ನು ಹಿಡಿಯಲು ಸುಲಭದ ಗುರುತು, ತಲೆಯ ಮೇಲೆ ಓರೆ ಗೀಟಿರುವ ಲ್ಯಾಟಿನ್ 'ಎ' (À) ಸಾಲುಸಾಲಾಗಿ ಕಾಣುವುದು. ಅಂಥವನ್ನು ಕನ್ವರ್ಟರಿನಿಂದ ಯೂನಿಕೋಡಿಗೆ ತಂದು ಬೇರೆ ಫೀಲ್ಡಿನಲ್ಲಿ ತುಂಬಿ. ಮೂಲ ಟೆಕ್ಸ್ಟ್ ಅಳಿಸಬೇಡಿ. ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಬೆರಳಚ್ಚಿನಂಥ ಸಂಕೇತ) ಇರುವುದು ಮೂಲ ಫೈಲಿನದ್ದು, ಹಾಗಾಗಿ ಅದು ಬದಲಾಗುವುದಿಲ್ಲ.

ಯೂನಿಕೋಡ್ ಆದ ಮೇಲೂ ಒಂದು ಹಳ್ಳ ಉಂಟು. "ಟೆಂಡರ್*" ಅಂತ ಕೊಟ್ಟರೆ "ಟೆಂಡರಿಗೆ", "ಟೆಂಡರಿನ" ಬರುವುದಿಲ್ಲ. ಕೊನೆಯ ಹಲಂತ ಚಿಹ್ನೆಯೂ (್) ಒಂದು ಅಕ್ಷರವೇ, ವಿಭಕ್ತಿ ಸೇರಿದಾಗ ಅದರ ಜಾಗದಲ್ಲಿ ಗುಡಿಸು (ಿ) ಬರುತ್ತದೆ. ಹಲಂತ ಕಿತ್ತು "ಟೆಂಡರ*" ಅಂತ ಕೊಟ್ಟರೆ ಎಲ್ಲವೂ ಸಿಗುತ್ತವೆ. "ಇನ್‌ವಾಯ್ಸ್" ಮತ್ತು "ಇನ್ವಾಯ್ಸ್" ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರದ ವ್ಯತ್ಯಾಸವಿದೆ, ಎರಡನ್ನೂ ಓಡಿಸಿ.

ಟೆಕ್ಸ್ಟ್ ತುಂಬಿದ ಮೇಲೆ ಇಂಡೆಕ್ಸ್ ಮತ್ತೆ ಕಟ್ಟಬೇಕು, ಇಲ್ಲದಿದ್ದರೆ ಹಳೇ ಉತ್ತರವೇ ಬರುತ್ತದೆ. ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6:30. ಹಗಲು ಇಲ್ಲಿಯವರು, ರಾತ್ರಿ ಅಲ್ಲಿಯ ವಕೀಲರು ಅದೇ ಡೇಟಾಬೇಸಿನಲ್ಲಿ ಇರುತ್ತಾರೆ. ದೊಡ್ಡ ಇಂಡೆಕ್ಸ್ ಕಟ್ಟುವುದಿದ್ದರೆ ಅಲ್ಲಿಯವರನ್ನು ಕೇಳಿಕೊಂಡು ಶನಿವಾರ ರಾತ್ರಿಗೆ ಇಟ್ಟುಕೊಳ್ಳಿ, ಭಾನುವಾರ ಒಂದೆರಡು ಗೊತ್ತಿರುವ ಪದ ಹುಡುಕಿ ಲೆಕ್ಕ ತಾಳೆ ನೋಡಿ, ಆಮೇಲೆ ಬ್ಯಾಚ್ ಬಿಡಿ.