ಮೇಲಿನಿಂದ ಶುರು ಮಾಡಿಸಿದ ಚರಂಡಿ

2020ರ ಡಿಸೆಂಬರ್ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿಗೆ ಗೆದ್ದು ಬಂದವಳು ನಾನು. ಏನೇನು ಕೆಲಸ ಮಾಡಿಸಿದೆ ಅಂತ ಕೇಳಿದರೆ ಪಟ್ಟಿ ಉದ್ದಕ್ಕೇ ಇದೆ. ಬೀದಿ ದೀಪ, ಬೋರ್‌ವೆಲ್ ಮೋಟರು, ಶಾಲೆ ಕಾಂಪೌಂಡು. ಆದರೆ ಯಾರಾದರೂ 'ಪ್ರಗತಿ' ಅಂದರೆ ಸಾಕು, ನನ್ನ ಕಣ್ಣ ಮುಂದೆ ಬರುವುದು ಒಂದು ಅರ್ಧಂಬರ್ಧ ಚರಂಡಿ.

ನಮ್ಮ ವಾರ್ಡಿನ ಬೀದಿ ಇಳಿಜಾರು. ಮೇಲ್ಗಡೆ ಅಂಗಡಿಗಳು, ತಾರಸಿ ಮನೆಗಳು. ಕೆಳಗಡೆ ಶೀಟು ಹೊದಿಸಿದ ನಾಲ್ಕು ಮನೆ. ಅದರಾಚೆ ಒಂದು ಹೊಲ, ಆಮೇಲೆ ಹಳ್ಳ. ವಾರ್ಡ್ ಸಭೆಗೆ ಬಂದು ಜೋರು ಮಾಡಿದವರೆಲ್ಲ ಮೇಲ್ಗಡೆಯವರೇ. ಕೆಳಗಿನವರು ಕೂಲಿ ಬಿಟ್ಟು ಹೇಗೆ ಬರುತ್ತಾರೆ? ಸಭೆ ಇಡುವುದು ಬೆಳಿಗ್ಗೆ 11ಕ್ಕೆ. ಜನ ಬರಲ್ಲ ಅಂತ ಗೊಣಗುವವರೂ ನಾವೇ.

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಟೈಡ್, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಖರ್ಚು ಮಾಡಬೇಕಿದ್ದ ದುಡ್ಡು. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಆ ನೈರ್ಮಲ್ಯದ ದುಡ್ಡನ್ನು ಎಲ್ಲಿ ಜಾಸ್ತಿ ಬೇಕು ಅಂತ ನೋಡಿ ಹಂಚಬೇಕಿತ್ತು. ನಾವು ಸದಸ್ಯರ ತಲೆ ಎಣಿಸಿ ಹಂಚಿಕೊಂಡೆವು. ಹಾಗಾದರೆ ಜಗಳ ಇರಲ್ಲ, ಅಷ್ಟೇ. ನನ್ನ ಪಾಲಿಗೆ ಬಂದದ್ದು ಇಡೀ ಬೀದಿಗೆ ಸಾಲುತ್ತಿರಲಿಲ್ಲ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೊದಲೇ ಹೇಳಿದ್ದರು. "ಮೇಡಂ, ಹಳ್ಳದ ಕಡೆಯಿಂದ ಶುರು ಮಾಡಿಸಿ. ಈ ಸಲ ಎಷ್ಟಾಗುತ್ತೋ ಅಷ್ಟಾಗಲಿ. ಮೇಲಿಂದು ಮುಂದಿನ ಸಾಲಿಗೆ ತಗೊಳ್ಳೋಣ."

ನಾನು ಕೇಳಲಿಲ್ಲ. ಹೊಲದ ಬದಿಯಲ್ಲಿ ಕಟ್ಟಿಸಿದರೆ ಯಾರ ಕಣ್ಣಿಗೆ ಬೀಳುತ್ತೆ ಅನ್ನುವುದು ನನ್ನ ಲೆಕ್ಕ. ಜೊತೆಗೆ, ಆ ಹೊಲದವರು ಜಾಗ ಬಿಡಲ್ಲ ಅಂತ ಮೇಲ್ಗಡೆಯವರು ಹೇಳಿದ್ದರು. ಅದನ್ನೂ ನಂಬಿಕೊಂಡೆ. "ಅಂಗಡಿ ಹತ್ರದಿಂದಲೇ ಆಗಲಿ ಸಾರ್" ಅಂದೆ. ಜೂನಿಯರ್ ಎಂಜಿನಿಯರ್ (ಜೆಇ) ಅದರಂತೆ ಎಸ್ಟಿಮೇಟ್ ಮಾಡಿದರು. ಕೆಲಸ ಮುಗಿಯಿತು, ಅಳತೆ ಪುಸ್ತಕ (ಎಂಬಿ) ಬರೆದಾಯಿತು, ಬಿಲ್ಲೂ ಆಯಿತು. ಫೋಟೋದಲ್ಲಿ ಚರಂಡಿ ಎಷ್ಟು ಚೆನ್ನಾಗಿತ್ತು ಅಂದರೆ ಸ್ಟೇಟಸ್‌ಗೂ ಹಾಕಿಕೊಂಡೆ.

ಮೊದಲ ದೊಡ್ಡ ಮಳೆ ಬಂತು. ರಾತ್ರಿ ಹತ್ತೂವರೆಗೆ ಫೋನು. "ಮೆಂಬರಕ್ಕ, ಸ್ವಲ್ಪ ಬನ್ನಿ."

ಮುಂಚೆ ಆ ಬೀದಿಯ ನೀರು ಅಗಲಕ್ಕೆ ಹರಡಿಕೊಂಡು, ಮಣ್ಣಲ್ಲಿ ಇಂಗಿ, ಉಳಿದದ್ದು ನಿಧಾನಕ್ಕೆ ಇಳಿಯುತ್ತಿತ್ತು. ಈಗ ಸಿಮೆಂಟ್ ಚರಂಡಿ ಅಷ್ಟನ್ನೂ ಒಂದೇ ಕಡೆ ಸೇರಿಸಿ, ರಭಸ ಕೊಟ್ಟು, ಚರಂಡಿ ನಿಂತ ಜಾಗದಲ್ಲಿ ಉಗುಳುತ್ತಿತ್ತು. ಎದುರಿಗೆ ಬಟ್ಟೆ ಹೊಲಿಯುವವಳ ಮನೆ. ನಾನು ಹೋದಾಗ ಹೊಲಿಗೆ ಮಿಷನ್ ಮಂಚದ ಮೇಲಿತ್ತು. ಗಂಡ ಗುದ್ದಲಿ ಹಿಡಿದು ಕತ್ತಲಲ್ಲಿ ಕಾಲುವೆ ಕೊರೆಯುತ್ತಿದ್ದ. ಅವಳು ಯಾರದೋ ಮದುವೆಯ ಬ್ಲೌಸ್‌ಗಳನ್ನು ಒಂದೊಂದೇ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಾನು ಟಾರ್ಚ್ ಹಿಡಿದು ಸುಮ್ನೆ ನಿಂತಿದ್ದೆ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು, ಅಲ್ವಾ? ಮುಂದಿನ ಗ್ರಾಮ ಸಭೆಯಲ್ಲಿ ನಮ್ಮ ವಾರ್ಡಿನ ವರದಿ ನಾನೇ ಓದುತ್ತೇನೆ ಅಂತ ಮೈಕ್ ಇಸಿದುಕೊಂಡೆ. ಆಫೀಸಿನಲ್ಲಿ ಕೊಟ್ಟ ಹಾಳೆಯಲ್ಲಿ ಇದ್ದದ್ದನ್ನೇ ಓದಿದೆ. "ಚರಂಡಿ ಕಾಮಗಾರಿ. ಭೌತಿಕ ಪ್ರಗತಿ ಶೇ. 100. ಆರ್ಥಿಕ ಪ್ರಗತಿ ಶೇ. 100. ಪೂರ್ಣಗೊಂಡಿದೆ."

ಹೆಂಗಸರ ಸಾಲಿನಿಂದ ಅವಳು ಎದ್ದು ನಿಂತಳು. ಅವತ್ತು ಕೆಲಸ ಬಿಟ್ಟು ಬಂದಿದ್ದಳು.

"ಅಕ್ಕ, ಆ ಚರಂಡಿ ಎಲ್ಲಿಗೆ ಮುಗಿಯುತ್ತೆ?"

ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾನು ಹಾಳೆ ನೋಡಿದೆ. ಎಷ್ಟು ಮೀಟರ್ ಉದ್ದ ಅಂತ ಬರೆದಿತ್ತು, ಎಷ್ಟು ಖರ್ಚು ಅಂತ ಬರೆದಿತ್ತು. ಎಲ್ಲಿಗೆ ಅಂತ ಇರಲಿಲ್ಲ. ಪಕ್ಕಕ್ಕೆ ತಿರುಗಿದೆ. ಜೆಇ ಮೊಬೈಲ್ ನೋಡುತ್ತಿದ್ದರು. ನೋಡಲ್ ಅಧಿಕಾರಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಮೈಕ್ ಒಂದು ಸಲ ಕುಯ್ ಅಂತು. ಕೊನೆಗೆ ನನ್ನ ಬಾಯಿಂದ ಬಂದದ್ದು, "ಉಳಿದದ್ದನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಗೆ ಸೇರಿಸಲಾಗುವುದು." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಹಂಗಾದ್ರೆ ಮುಂದಿನ ಮಳೆನೂ ಮುಂದಿನ ಸಾಲಿಗೆ ಬರಲಿ ಬಿಡಿ" ಅಂದರು ಇನ್ನೊಬ್ಬರು. ಅವಳು ಮಾತ್ರ ನಗಲಿಲ್ಲ. ಕೂತುಕೊಂಡಳು.

ಸಭೆ ಮುಗಿದ ಮೇಲೆ ಮನೆಗೆ ಹೋಗುವ ಮನಸ್ಸಾಗಲಿಲ್ಲ. ನೇರ ಹೊಲದವರ ಮನೆಗೆ ಹೋದೆ. ಜಗಳ ಆಗುತ್ತೆ ಅಂತಲೇ ಹೋದವಳು. ಅವರು ಟೀ ಕೊಟ್ಟರು. "ಬದುವಿನ ಗುಂಟ ತಗೊಂಡು ಹೋಗೋದಾದ್ರೆ ನಂದೇನೂ ತಕರಾರಿಲ್ಲ ಕಣವ್ವ. ನನ್ನ ಯಾರು ಕೇಳಿದ್ರು?" ಅಂದರು. ಯಾರೂ ಕೇಳಿರಲಿಲ್ಲ. ಐದು ನಿಮಿಷದ ದಾರಿ.

ಆ ಮಳೆಗಾಲ ಪೂರ್ತಿ ಅವಳ ಗಂಡ ಕೊರೆದ ಮಣ್ಣಿನ ಕಾಲುವೆಯೇ ಗತಿಯಾಯಿತು. ಮುಂದಿನ ವರ್ಷ ಹಳ್ಳದಿಂದ ಮೇಲಕ್ಕೆ ಕಟ್ಟಿಸಿ ಕೂಡಿಸಿದೆವು. ಅಲ್ಲಿಂದಾಚೆ ಲೆವೆಲ್ ನೋಡದೆ, ನೀರು ಹೋಗುವ ದಾರಿಯಲ್ಲಿ ಒಮ್ಮೆ ನಡೆದು ಬರದೆ ಎಸ್ಟಿಮೇಟ್‌ಗೆ ಹೂಂ ಅನ್ನಲಿಲ್ಲ. ಪಿಡಿಒಗೆ ಕಿರಿಕಿರಿ. ಇರಲಿ. ಮಾತು ಕೇಳದಿದ್ದಾಗಲೂ ಅವರಿಗೆ ಕಿರಿಕಿರಿಯೇ ಆಗಿತ್ತು.

ಮೊನ್ನೆ ಬೇರೆ ಏನನ್ನೋ ಹುಡುಕುವಾಗ ಆ ದಿನದ ನಡಾವಳಿ ಸಿಕ್ಕಿತು. ಅವಳ ಪ್ರಶ್ನೆ ಅದರಲ್ಲಿ ಇಲ್ಲ. "ಚರಂಡಿ ಕಾಮಗಾರಿ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು" ಅಂತಿದೆ. ಕೆಳಗೆ ನನ್ನದೂ ಸಹಿ ಇದೆ.